ಕಿವಿಗೆ ಬಂದ ಪ್ರಸಾದ

ಮಾಪಣ್ಣನಿಗೆ ಗಂಡಸರ ಮಾತು ಕೇಳಿಸುತ್ತಿತ್ತು, ಹೆಂಗಸರ ಮಾತು ಕೇಳಿಸುತ್ತಿರಲಿಲ್ಲ. ಇದನ್ನು ಯಾರ ಮುಂದಾದರೂ ಹೇಳಿದರೆ ನಗುತ್ತಾರೆ, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾವ ಗಂಡಸಿಗೆ ಕೇಳಿಸುತ್ತದೆ ಮಾರಾಯ ಎಂದು ಬೆನ್ನಿಗೆ ಗುದ್ದುತ್ತಾರೆ. ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ.

ಆದರೆ ಅದು ನಗುವ ಮಾತಾಗಿರಲಿಲ್ಲ. ಜೇವರ್ಗಿ ಕಡೆಯಿಂದ ಬಂದು ವಾಶಿಯ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ ಅವನಿಗೆ ಕೂಲಿಗಳ ಮೇಲಿನ ಮುಕಾದಮನ ದಪ್ಪ ಗಂಟಲು ಕೇಳಿಸುತ್ತಿತ್ತು, ಲಾರಿ ಹಿಂದಕ್ಕೆ ಸರಿಯುವಾಗಿನ ಗುಡುಗುಡು ಕೇಳಿಸುತ್ತಿತ್ತು. ಸಣ್ಣ ದನಿಗಳು ಮಾತ್ರ ಒಂದೊಂದಾಗಿ ಹೇಳದೆ ಕೇಳದೆ ಹೊರಟುಹೋಗಿದ್ದವು. ಮೊದಲು ಕುಕ್ಕರಿನ ಸೀಟಿ ಹೋಯಿತು. ಆಮೇಲೆ ಫೋನಿನ ರಿಂಗು. ಕಲಬುರಗಿಗೆ ಕೊಟ್ಟ ಮಗಳು ದಾನಮ್ಮ ಫೋನು ಮಾಡಿದರೆ ತಗಡಿನ ಮೇಲೆ ಉಸುಕು ಸುರಿದಂತೆ ಬರೀ ಸರಸರ. "ತಡಿ, ನಿಮ್ಮವ್ವಗ ಕೊಡ್ತೀನಿ" ಎಂದು ಅವನು ಫೋನು ದಾಟಿಸಿಬಿಡುತ್ತಿದ್ದ. ಕೊನೆಗೆ ಹೆಂಡತಿ ಬಾಲಮ್ಮನ ದನಿಯೂ ಹೋಯಿತು. ಹೋದದ್ದು ಯಾವತ್ತು ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಬಾಲಮ್ಮನ ದನಿ ಮೊದಲೇ ಸಣ್ಣದು. ಮೇಲಾಗಿ ಅವಳಿಗೆ ಒಲೆಯ ಕಡೆ ಮುಖ ಮಾಡಿಕೊಂಡು ಮಾತಾಡುವ ಅಭ್ಯಾಸ.

ಕೋಪರಖೈರಣೆಯ ಆ ಒಂದೇ ಕೋಣೆಯ ಮನೆಯಲ್ಲಿ ಅವಳು ಒಲೆಗೆ ಹೇಳುವುದು, ಇವನು ಗೋಡೆ ನೋಡುತ್ತ ಕೂರುವುದು ನಡೆಯಿತು. ಒಂದು ದಿನ ಅವಳು ತಾಳಲಾರದೆ ಎದ್ದು ಬಂದು ಎದುರಿಗೇ ನಿಂತಳು.

"ಹೊರಗಿನ ಮಂದಿ ಮಾತು ಬರಾಬರ್ ಕೇಳ್ತಾವ ನಿಮಗ. ನಾ ಆಡಿದ್ರ ಮಾತ್ರ ಕೋಣನ ಮುಂದ ಕಿನ್ನರಿ. ತಲಿಗಿ ಪೇಟಾ ಏರ್ತು ನೋಡ್ರಿ, ಸೊಕ್ಕೂ ಜೋಡಿಗೇ ಏರ್ತು!"

ಎದುರಿಗೆ ನಿಂತದ್ದರಿಂದ, ತುಟಿ ನೋಡಿ ಅವನಿಗೆ ಎಲ್ಲ ತಿಳಿಯಿತು. ಆಗಲಾದರೂ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಸೊಕ್ಕಿನವನು ಅನ್ನಿಸಿಕೊಂಡರೆ ಮರ್ಯಾದೆಗೇನೂ ಊನವಿಲ್ಲ, ಕಿವುಡ ಅನ್ನಿಸಿಕೊಂಡರೆ ನಾಳೆ ಲಾರಿಯ ಹತ್ತಿರ ಯಾರೂ ಬಿಟ್ಟುಕೊಳ್ಳುವುದಿಲ್ಲ. ಗಂಡಸಿನ ಬುದ್ಧಿ ಇಂಥದ್ದು; ಹೆಂಡತಿ ಕಣ್ಣೀರು ಹಾಕಿದರೂ ಸರಿ, ಗುಟ್ಟು ಉಳಿಯಬೇಕು. ಬಾಲಮ್ಮ ಕೆಲವು ದಿನ ಬೈದಳು, ಕೆಲವು ದಿನ ಅತ್ತಳು, ಆಮೇಲೆ ಮಾತನ್ನೇ ಬಿಟ್ಟಳು. ರೊಟ್ಟಿ ಬಡಿದು ತಾಟು ಮುಂದಿಟ್ಟು, ಹೋಟೆಲಿನವರು ಕೊಡುವ ಬೆಳ್ಳುಳ್ಳಿ ಸುಲಿಯುತ್ತ ಮೂಲೆಗೆ ಕೂರುವಳು. ಮನೆಯಲ್ಲಿ ಇಬ್ಬರಿದ್ದರು, ಇಬ್ಬರೂ ಒಬ್ಬೊಬ್ಬರೇ ಇದ್ದರು.

ಅವಳು ಹೇಳಿದ ಪೇಟಾ ಢೋಲ್-ತಾಶಾ ಬಾರಿಸುವ ಮೇಳದ್ದು, ಇಲ್ಲಿಯವರು ಅದಕ್ಕೆ ಪಥಕ ಅನ್ನುತ್ತಾರೆ. ಗಣಪತಿ ಹಬ್ಬ ಬಂತೆಂದರೆ ಈ ಕಡೆಯ ಊರುಗಳಲ್ಲಿ ಕೇಸರಿ ಪೇಟಾ ಸುತ್ತಿದ ಪಥಕಗಳು ಬೀದಿಗಿಳಿಯುತ್ತವೆ. ಸೊಂಟಕ್ಕೆ ಹಗ್ಗದಿಂದ ಬಿಗಿದ ದೊಡ್ಡ ಢೋಲುಗಳು ಸಾಲುಸಾಲಾಗಿ ಗುಡುಗುತ್ತವೆ. ಅವುಗಳ ಮುಂದೆ ಕೊರಳಿಗೆ ತಾಶಾ ನೇತುಹಾಕಿಕೊಂಡವರು. ತಾಶಾ ಎಂದರೆ ಬೋಗುಣಿಯಂಥ ಪುಟ್ಟ ವಾದ್ಯ, ಎರಡು ಸಪೂರ ಬೆತ್ತದ ಕಡ್ಡಿಗಳಿಂದ ಬಾರಿಸುವುದು. ಗಾತ್ರ ಚಿಕ್ಕದಾದರೂ ಯಜಮಾನಿಕೆ ಅದರದೇ. ಅದು ತಾಳದ ನಡೆ ಬದಲಿಸಿದರೆ ಢೋಲುಗಳು ಬದಲಿಸಬೇಕು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಪಥಕಗಳಿಗೆ ಸ್ಪರ್ಧೆ ಇಡುತ್ತಾರೆ. ಗೆದ್ದವರ ಫೋಟೊ ಚೌಕದ ಬ್ಯಾನರಿನಲ್ಲಿ ಮುಂದಿನ ಹಬ್ಬದವರೆಗೂ ಬಿಸಿಲಿಗೆ ಬೆಳ್ಳಗಾಗುತ್ತ ನಿಂತಿರುತ್ತದೆ.

ಮಾಪಣ್ಣ ಮೊದಲು ಖಾಡಿಕಿನಾರಾ ಎಂಬ ಪಥಕಕ್ಕೆ ಹೋದದ್ದು ಟೆಂಪೋದಿಂದ ಢೋಲು ಇಳಿಸಲು. ಯಾರೋ ಬಾರದ ಒಂದು ದಿನ, ಸುಮ್ಮನೆ ಇರಲಾರದೆ ಒಂದು ಢೋಲು ಕಟ್ಟಿಕೊಂಡ. ಊರಲ್ಲಿ ಹಲಗೆ ಬಡಿದ ಕೈ, ಕಲಿಸಬೇಕಾದದ್ದು ಬಹಳ ಇರಲಿಲ್ಲ. ಪಥಕ ಕಟ್ಟಿದ ರಘುಪತಿ ದಾದಾ ನೋಡುತ್ತ ನಿಂತಿದ್ದವನು, ಅಂದೇ ಅವನನ್ನು ಎಡಗಡೆಯ ಮುಂದಿನ ಸಾಲಿಗೆ ನಿಲ್ಲಿಸಿದ. ಆಮೇಲೆ ಆ ಜಾಗ ಮಾಪಣ್ಣನದೇ ಆಯಿತು.

ಕಿವಿ ಹೋಗುತ್ತಿದ್ದರೂ ಅಲ್ಲಿ ಅವನಿಗೆ ಕೊರತೆಯಾಗಲಿಲ್ಲ. ಢೋಲಿನ ಮೈ ಹೊಟ್ಟೆಗೆ ಒತ್ತಿಕೊಂಡಿರುತ್ತಿತ್ತು. ತನ್ನ ಏಟು ಮಾತ್ರವಲ್ಲ, ಅಕ್ಕಪಕ್ಕದ ಢೋಲುಗಳ ಏಟೂ ಅದರೊಳಗೆ ಹೊಕ್ಕು ಹೊಟ್ಟೆಗೆ, ಪಕ್ಕೆಲುಬಿಗೆ, ಹಲ್ಲಿನ ಬುಡಕ್ಕೆ ತಲುಪುತ್ತಿತ್ತು. ನಡೆ ಬದಲಾಗುವುದು ತಿಳಿಯಲು ಅವನು ತಾಶಾದ ಹುಡುಗಿಯ ಮಣಿಕಟ್ಟು ನೋಡುತ್ತಿದ್ದ. ಅಷ್ಟಾದರೆ ಸಾಕಿತ್ತು. ಮನೆಯಲ್ಲಿ ಕೇಳದ, ಮಾರ್ಕೆಟ್ಟಿನಲ್ಲಿ ಅರ್ಧ ಕೇಳುವ ಮನುಷ್ಯನಿಗೆ ಇಡೀ ಲೋಕ ಹೊಟ್ಟೆಯೊಳಗೆ ಬಂದು ಮಾತಾಡುತ್ತಿತ್ತು. ಆ ಹೊತ್ತಿನಲ್ಲಿ ಮಾತ್ರ ಅವನಿಗೆ ತಾನು ಒಬ್ಬನೇ ಅನ್ನಿಸುತ್ತಿರಲಿಲ್ಲ.

ಆ ಪಥಕದಲ್ಲಿ ಒಂದು ರೂಢಿ ಇತ್ತು. ಹೊಸಬರಿಗೆ ಮೊದಲ ಸಲ ಕಿವಿಯಲ್ಲಿ ಗುಂಯ್ ಎಂದು ಶುರುವಾಗಿ ಬೆಳಗಾದರೂ ನಿಲ್ಲದಿದ್ದರೆ ದಾದಾನ ಹತ್ತಿರ ಹೋಗಿ ಹೇಳಬೇಕು. "ಪ್ರಸಾದ ಬಂತು!" ಎಂದು ದಾದಾ ಅವರ ಹಣೆಗೆ ಗುಲಾಲು ಹಚ್ಚುತ್ತಿದ್ದ, ಬಾಯಿಗೆ ಪೇಢಾ ಇಡುತ್ತಿದ್ದ. ಢೋಲು ಒಳಗೆ ಹೋಗಿ ನೆಲೆಸಿತು, ಇನ್ನು ನೀನು ನಮ್ಮವನು ಎಂದು ಅರ್ಥ. ಮಾಪಣ್ಣನೂ ಆ ಪೇಢಾ ತಿಂದಿದ್ದ. ಅವನ ಕಿವಿಯ ಗುಂಯ್ ಎಷ್ಟೋ ತಿಂಗಳು ಇದ್ದು, ಆಮೇಲೆ ತಾನಾಗಿ ತಣ್ಣಗಾಯಿತು. ತಣ್ಣಗಾದದ್ದು ಗುಂಯ್ ಅಲ್ಲ, ಕಿವಿ ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಕುಕ್ಕರಿನ ಸೀಟಿ ಹೋಗಿತ್ತು.

ಈ ವರ್ಷ ದಾದಾನಿಗೆ ಮೊಣಕಾಲು ನೋವೆಂದು ನಾಯಕತ್ವ ಜಯೇಶನಿಗೆ ಬಂತು. ಸೀವುಡ್ಸಿನಲ್ಲಿ ಫಿಜಿಯೋಥೆರಪಿ ಮಾಡುವವನು ಅವನು, ದಿನವೂ ಜನರ ಸೊಂಟ ಬೆನ್ನು ನೋಡುವುದೇ ಕೆಲಸ. ಹೋದ ವರ್ಷ ಠಾಣೆಯ ಮೆರವಣಿಗೆಯಲ್ಲಿ ಢೋಲು ಕಟ್ಟಿದ ಹೆಂಗಸೊಬ್ಬಳು ಬೆನ್ನು ಹಿಡಿದುಕೊಂಡು ಕುಸಿದವಳು ಇನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡಿದ್ದ ಜಯೇಶ್ ಎರಡು ಹೊಸ ನಿಯಮ ತಂದ. ಢೋಲಿಗೂ ಮೈಗೂ ನಡುವೆ ಎಲ್ಲರೂ ದಪ್ಪ ಫೋಮಿನ ಪಟ್ಟಿ ಕಟ್ಟಬೇಕು. ಸದ್ದಿಗೆ ಕಿವಿ ಕೆಡದಿರಲೆಂದು ಕಿವಿಗೆ ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ ಇಟ್ಟುಕೊಳ್ಳಬೇಕು. "ಬಿರಡೆ ಇಟ್ಟರೆ ಸದ್ದು ಸಾಯುವುದಿಲ್ಲ, ತಗ್ಗುತ್ತದೆ ಅಷ್ಟೆ" ಎಂದು ಹಿಂದಿಯಲ್ಲಿ ಎಲ್ಲರಿಗೂ ತಿಳಿಹೇಳಿದ. ಒಳ್ಳೆಯವನು, ಪಾಪ. ದಾದಾ ಒಂದು ಕಡೆ ಕುರ್ಚಿಯಲ್ಲಿ ಕುಳಿತು, ಕಿವಿ ಮುಚ್ಚಿಕೊಂಡು ಬಾರಿಸುವವರನ್ನು ಜನ್ಮದಲ್ಲಿ ಕಂಡಿಲ್ಲ ಎಂದು ಗೊಣಗಿದ.

ಫ್ಲೈಓವರಿನ ಕೆಳಗೆ ಅವರ ತಾಲೀಮಿನ ಜಾಗ. ಮಳೆ ಬಂದರೂ ನೆನೆಯದು. ಮೊದಲ ದಿನ ಮಾಪಣ್ಣ ಪಟ್ಟಿ ಕಟ್ಟಿ, ಬಿರಡೆ ಇಟ್ಟು, ಕೋಲೆತ್ತಿ ಹೊಡೆದ.

ಏನೂ ಬರಲಿಲ್ಲ.

ಇನ್ನೊಂದು ಹೊಡೆದ. ಕೈಗೆ ಏಟು ತಾಕಿತೇ ಹೊರತು ಹೊಟ್ಟೆಗೆ ಬರಲಿಲ್ಲ. ಫೋಮು ಎಲ್ಲವನ್ನೂ ನುಂಗಿ ಹಾಕಿತ್ತು. ಸುತ್ತ ನಲವತ್ತು ಕೋಲುಗಳು ಏರಿ ಇಳಿಯುತ್ತಿದ್ದವು, ಬಾಯಿಗಳು ತೆರೆದು ಜೈಕಾರ ಹಾಕುತ್ತಿದ್ದವು, ಅವನ ಪಾಲಿಗೆ ಎಲ್ಲ ದೂರದ ಊರಿನ ಮದುವೆ. ಅವನಿಗೆ ಹೆದರಿಕೆಯಾಯಿತು. ಇಷ್ಟು ದಿನ ಮನೆಯಲ್ಲಿದ್ದ ಮೌನ ತನ್ನನ್ನು ಹುಡುಕಿಕೊಂಡು ಇಲ್ಲಿಗೂ ಬಂತು ಅನ್ನಿಸಿತು. ಪಟ್ಟಿ ಬೇಡವೆಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಮುಂದಿನ ಸಾಲಿನಿಂದ ತೆಗೆಯುತ್ತಾರೆ. ಅವನಿಗೆ ಇನ್ನು ಉಳಿದದ್ದು ಒಂದೇ, ತಾಶಾದ ಹುಡುಗಿಯ ಮಣಿಕಟ್ಟು. ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತ ಬಾರಿಸಿದ.

ಆ ಹುಡುಗಿಯ ಹೆಸರು ಪ್ರಕೃತಿ. ಬೆಂಗಳೂರಿನವಳು, ಐರೋಲಿಯ ಕಂಪನಿಯೊಂದರಲ್ಲಿ ಕೆಲಸ, ಖಾರಘರದಲ್ಲಿ ಇನ್ನಿಬ್ಬರ ಜೊತೆ ಬಾಡಿಗೆಮನೆ. ಪಥಕದಲ್ಲಿ ಕನ್ನಡ ಬರುವವರು ಅವರಿಬ್ಬರೇ ಆದ್ದರಿಂದ ತಾಲೀಮು ಮುಗಿದ ಮೇಲೆ ಬಂದು ಅವನ ಪಕ್ಕ ಕೂರುತ್ತಿದ್ದಳು. "ಕಾಕಾ, ಯಾಕೆ ಹಾಗೆ ನನ್ನ ಕೈನೇ ನೋಡ್ತಾ ಇರ್ತೀರ? ದೃಷ್ಟಿ ಆಗುತ್ತೆ!" ಎಂದು ಛೇಡಿಸುತ್ತಿದ್ದಳು. ಮುಖ ನೋಡಿ ಮಾತಾಡಿದಾಗ ಅವನಿಗೆ ಒಂದಷ್ಟು ತಿಳಿಯುತ್ತಿತ್ತು. ತಿಳಿಯದಿದ್ದರೆ ನಗುತ್ತಿದ್ದ, "ಹೌದೌದು ಮಗಳ" ಅನ್ನುತ್ತಿದ್ದ. ಕಿವುಡರ ಬಂಡವಾಳವೇ ಈ ಎರಡು.

ಕಲ್ಯಾಣದ ಸ್ಪರ್ಧೆಯ ದಿನ ಢೋಲುಗಳು ಟೆಂಪೋದಲ್ಲಿ ಮುಂದೆ ಹೋದವು, ಜನ ಲೋಕಲ್ ರೈಲು ಹಿಡಿದರು. ಠಾಣೆಗೆ ಹೋಗುವ ಗಾಡಿಯಲ್ಲಿ ಪ್ರಕೃತಿ ಅವನ ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದಳು. ಐರೋಲಿ ದಾಟಿದ ಮೇಲೆ ಬಾಗಿಲಾಚೆ ನೋಡುತ್ತ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು. ಮುಖ ಆ ಕಡೆ ಇತ್ತು. ಎಂದಿನಂತೆ ಏನೋ ತಮಾಷೆ ಇರಬೇಕೆಂದು ಮಾಪಣ್ಣ ಜೋರಾಗಿ ನಕ್ಕ, "ಹೌದೌದು, ಚಲೋ ಆತು ಬಿಡು ಮಗಳ" ಎಂದ. ಅವಳು ತಿರುಗಿ ನೋಡಿದಳು. ಕಣ್ಣು ತುಂಬಿತ್ತು. ಜನರ ನಡುವೆ ಜಾಗ ಮಾಡಿಕೊಂಡು ಇನ್ನೊಂದು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟಳು. ತಾನು ಏನೋ ತಪ್ಪು ಮಾಡಿದೆ ಎಂದು ಅವನಿಗೆ ತಿಳಿಯಿತು. ಏನು ತಪ್ಪು ಎಂದು ಕೇಳಲು ಹೋದರೆ ಗುಟ್ಟು ಬಯಲಾಗುತ್ತಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿದ ಮೇಲೂ ಕಲ್ಯಾಣ ಬರುವವರೆಗೆ ಅವನು ಆ ಗದ್ದಲದಲ್ಲಿ ಒಬ್ಬನೇ ನಿಂತಿದ್ದ.

ಮೈದಾನದಲ್ಲಿ ಎಲ್ಲ ಚೆನ್ನಾಗಿಯೇ ಶುರುವಾಯಿತು. ಆಟ ಏರುತ್ತ ಬಂದು ಅರ್ಧಕ್ಕೆ ಮುಟ್ಟಿದಾಗ ತಾಶಾದವರು ಹುರುಪಿನಲ್ಲಿ ತೀರ್ಪುಗಾರರ ವೇದಿಕೆಯ ಕಡೆ ತಿರುಗಿ, ಅವರಿಗೆ ಕಾಣುವಂತೆ ಬಾರಿಸತೊಡಗಿದರು. ತಾಲೀಮಿನಲ್ಲಿ ಹೀಗೆ ಮಾಡಿರಲಿಲ್ಲ. ಢೋಲಿನವರಿಗೆ ಕಂಡದ್ದು ಬರೀ ಬೆನ್ನು. ಬೇರೆಯವರಿಗೆ ಅದರಿಂದೇನೂ ಆಗುವುದಿರಲಿಲ್ಲ, ಬಿರಡೆ ಇದ್ದರೂ ತಾಶಾ ಸಾಕಷ್ಟು ಕೇಳಿಸುತ್ತಿತ್ತು. ಮಾಪಣ್ಣನ ಪಾಲಿಗೆ ದೀಪ ಆರಿದಂತಾಯಿತು. ತಾಶಾ ನಡೆ ಬದಲಿಸಿತು. ಅವನು ಹಳೆಯ ನಡೆಯಲ್ಲೇ ಹೊಡೆಯುತ್ತ ಹೋದ, ಎಂದಿಗಿಂತ ಜೋರಾಗಿ, ಎದೆ ಉಬ್ಬಿಸಿ.

ಒಬ್ಬ ತಪ್ಪಿದರೆ ನಲವತ್ತರಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ಪಥಕದಲ್ಲಿ ದಾದಾ ಕಾಲದಿಂದ ಬಂದ ಇನ್ನೊಂದು ಪಾಠವಿತ್ತು: ಅನುಮಾನ ಬಂದಾಗ ಮುಂದಿನವನ ಕೋಲು ನೋಡು. ಎಡಗಡೆಯ ಹಿಂದಿನ ಸಾಲುಗಳಿಗೆ ಕಿವಿ ಒಂದು ಹೇಳಿತು, ಮಾಪಣ್ಣನ ಕೋಲು ಇನ್ನೊಂದು ಹೇಳಿತು. ಅವರು ಕಿವಿಯನ್ನು ಬಿಟ್ಟು ಹಿರಿಯನನ್ನು ನಂಬಿದರು. ಬಲಗಡೆ ಒಂದು ನಡೆ, ಎಡಗಡೆ ಒಂದು ನಡೆ, ನಡುವೆ ಜಯೇಶ್ ಎರಡೂ ಕೈ ಬೀಸುತ್ತ ಓಡಾಡಿದ. ಜನ ನಕ್ಕರು. ಖಾಡಿಕಿನಾರಾ ಪಥಕ ಬಹುಮಾನ ಕಳೆದುಕೊಂಡದ್ದು ಮಾತ್ರವಲ್ಲ, ಕಲ್ಯಾಣದ ಹುಡುಗರ ಫೋನುಗಳಲ್ಲಿ ನಗೆಪಾಟಲಿನ ವಿಡಿಯೋ ಆಗಿಬಿಟ್ಟಿತು.

ಮುಂದಿನ ಭಾನುವಾರ ಬೆಳಿಗ್ಗೆ ಫ್ಲೈಓವರಿನ ಕೆಳಗೆ ಸಭೆ ಸೇರಿತು. ಮಾಪಣ್ಣ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಸವರಿಕೊಳ್ಳುತ್ತಲೇ ಹೋಗಿ ಒಂದು ಕಂಬಕ್ಕೆ ಒರಗಿ ನಿಂತ. ಆದರೆ ಯಾರೂ ಅವನ ಕಡೆ ಬೆರಳು ತೋರಿಸಲಿಲ್ಲ. ರಘುಪತಿ ದಾದಾ ಕುರ್ಚಿಯಿಂದ ಎದ್ದು, ಒಂದು ಬಿರಡೆಯನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ. ಅವನದು ನಗಾರಿಯಂಥ ಗಂಟಲು, ಪ್ರತಿ ಮಾತೂ ಮಾಪಣ್ಣನಿಗೆ ಮುಟ್ಟಿತು.

"ನಮ್ಮನ್ನು ಸೋಲಿಸಿದ್ದು ಇದು. ಕಿವಿಗೆ ಬಿರಡೆ, ಹೊಟ್ಟೆಗೆ ಹಾಸಿಗೆ! ಮಾಪಣ್ಣನಂಥ ಮಾಪಣ್ಣನೇ ತಪ್ಪಿದ ಅಂದಮೇಲೆ ತಪ್ಪು ಯಾರದು? ಇವತ್ತೇ ಎಲ್ಲ ಖಾಡಿಯ ನೀರಿಗೆ ಎಸೆಯೋಣ. ಒಪ್ಪಿಗೆ ಇದ್ದವರು ಕೈ ಎತ್ತಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು ಇದು. ಮಾಪಣ್ಣನ ಮೈಯಿಂದ ಒಂದು ಭಾರ ಇಳಿಯಿತು. ಸುಳ್ಳು ಹೇಳುವುದಿರಲಿ, ಅವನು ಬಾಯಿ ಕೂಡ ತೆರೆಯಬೇಕಾಗಿರಲಿಲ್ಲ. ಒಂದು ಕೈ ಎತ್ತಿದರೆ ಪಟ್ಟಿ ಹೋಗುತ್ತದೆ, ಢೋಲು ಮತ್ತೆ ಹೊಟ್ಟೆಗೆ ಬರುತ್ತದೆ, ಮುಂದಿನ ಸಾಲು ಉಳಿಯುತ್ತದೆ. ಸುತ್ತ ಕೈಗಳು ಏಳತೊಡಗಿದ್ದವು. ಅವನ ಕೈಯೂ ಎದೆಯವರೆಗೆ ಬಂತು.

ಆಗ ಜಯೇಶ್ ಮುಂದೆ ಬಂದು ಕೈಮುಗಿದ. ಸ್ಪರ್ಧೆ ಹೋದರೆ ಹೋಗಲಿ, ಒಂದು ಮಾತು ಕೇಳಿ ಎಂದ. ಪ್ರಕೃತಿಗೆ ಹೋದ ಹಬ್ಬದಿಂದ ಎಡಗಿವಿಯಲ್ಲಿ ಗುಂಯ್ ಎನ್ನುವುದು ನಿಂತೇ ಇಲ್ಲ, ಡಾಕ್ಟರು ಪರೀಕ್ಷೆ ಮಾಡಿ ಆ ಕಿವಿ ಆಗಲೇ ಸ್ವಲ್ಪ ಹೋಗಿದೆ ಅಂದಿದ್ದಾರೆ, ಬಿರಡೆ ಇಲ್ಲದೆ ಬಾರಿಸಿದರೆ ಉಳಿದದ್ದೂ ಹೋಗುತ್ತದೆ ಅಂದಿದ್ದಾರೆ ಎಂದ. ಅವಳು ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲು ನಾಚಿ, ಕಲ್ಯಾಣಕ್ಕೆ ಹೋಗುವಾಗ ಒಬ್ಬ ಹಿರಿಯರ ಹತ್ತಿರ ಹೇಳಿದಳಂತೆ, ಅವರು ನಕ್ಕುಬಿಟ್ಟರಂತೆ. ಯಾರೆಂದು ಅವನು ಹೇಳಲಿಲ್ಲ. ಪ್ರಕೃತಿ ತಲೆ ತಗ್ಗಿಸಿಕೊಂಡು ತಾಶಾದ ಕಡ್ಡಿಗಳನ್ನು ತಿರುವುತ್ತಿದ್ದಳು.

ದಾದಾನ ಮುಖ ಅರಳಿತು. "ಅರೆ, ಪ್ರಸಾದ ಬಂತಲ್ಲೇ ನಿನಗೆ! ಹೇಳಲೇ ಇಲ್ಲವಲ್ಲ!" ಎಂದು ಚಪ್ಪಾಳೆ ತಟ್ಟಿದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮುದುಕ ನಿಜವಾಗಿಯೂ ಸಂತೋಷಪಟ್ಟಿದ್ದ. ನಾಲ್ಕೈದು ಜನ ನಕ್ಕು ತಾವೂ ಚಪ್ಪಾಳೆ ತಟ್ಟಿದರು.

ಮಾಪಣ್ಣನ ಕೈ ಎದೆಯ ಹತ್ತಿರವೇ ನಿಂತಿತು. ಗಾಡಿಯ ಬಾಗಿಲಲ್ಲಿ ಆ ಹುಡುಗಿ ಹೇಳಿದ್ದು ಇದನ್ನು. ಚಲೋ ಆತು ಬಿಡು ಅಂದದ್ದು ಇದಕ್ಕೆ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ನಾಳೆ ಇವಳಿಗೂ ಒಂದು ಮನೆಯಾಗುತ್ತದೆ, ಮಕ್ಕಳಾಗುತ್ತವೆ, ಅವುಗಳ ಸಣ್ಣ ದನಿ ತಗಡಿನ ಮೇಲೆ ಸುರಿದ ಉಸುಕಾಗುತ್ತದೆ ಅನ್ನಿಸಿತು. ಕೈ ಇಳಿಸಿದ.

"ದಾದಾ, ಬಿರಡಿದು ತಪ್ಪಿಲ್ಲ" ಎಂದ. ಹಿಂದಿಯಲ್ಲಿ ಶುರು ಮಾಡಿದ್ದ, ಎರಡನೆಯ ಮಾತಿಗೇ ಹಿಂದಿ ಸಾಲದಾಯಿತು. "ಪ್ರಕೃತಿ, ನಾ ಹೇಳಿದ್ದು ಇವರಿಗಿ ಹೇಳವ್ವ. ಪಟ್ಟೀದೂ ತಪ್ಪಿಲ್ಲ. ತಪ್ಪಿದ್ದು ನನ್ನ ಕೋಲು. ನನಗ ತಾಶಾ ಕೇಳಂಗಿಲ್ಲ. ಭಾಳ ವರ್ಷ ಆತು. ನಿನ್ನ ಕೈ ನೋಡಿ ಬಾರಸ್ತಿದ್ದೆ ನಾ. ಕಲ್ಯಾಣದಾಗ ನೀ ಬೆನ್ನ ತಿರುಗಿಸಿದಿ, ಅಲ್ಲಿಗಿ ನನ್ನ ಆಟ ಮುಗೀತು. ಗಾಡ್ಯಾಗ ನೀ ಏನ್ ಹೇಳ್ದಿ ಅನ್ನೂದೂ ನಂಗ ಕೇಳಿಲ್ಲ ಮಗಳ. ಕೇಳಿದ್ರ ನಗ್ತಿದ್ನೇನು ನಾ? ನನಗೂ ಮೊದಲು ಹಿಂಗೇ ಗುಂಯ್ ಅಂತಿತ್ತು. ನಾನೂ ಪೇಢಾ ತಿಂದೆ. ಈಗ ನನ್ನ ಹೆಂಡ್ತಿ ಮಾತು ನಂಗ ಕೇಳಂಗಿಲ್ಲ, ಮಗಳ ಮಾತು ಕೇಳಂಗಿಲ್ಲ."

ಪ್ರಕೃತಿ ಒಂದೊಂದು ಮಾತನ್ನೂ ಅವರಿಗೆ ಹೇಳುತ್ತ ಹೋದಳು. ಅವಳ ತುಟಿ ನಡುಗುತ್ತಿದ್ದುದು ಮಾತ್ರ ಅವನಿಗೆ ಕಂಡಿತು. ತಾಯಿ ಸತ್ತ ಸುದ್ದಿ ಹೇಳುವವರ ಹಾಗೆ ಹೇಳುತ್ತಿದ್ದಳು.

ದಾದಾ ನಂಬಲಿಲ್ಲ. ಹುಡುಗಿಯ ಮೇಲಿನ ಮರುಕಕ್ಕೆ ಮಾಪಣ್ಣ ಕಟ್ಟಿದ ಕಥೆ ಇದು, ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಬಾರಿಸಿದವನು ಕಿವುಡನಾಗಲು ಹೇಗೆ ಸಾಧ್ಯ ಎಂದು ಕೇಳಿದ. ಹಲವರು ತಲೆಯಾಡಿಸಿದರು.

"ಹಂಗಾದ್ರ ನೋಡೇ ಬಿಡ್ರಿ" ಎಂದ ಮಾಪಣ್ಣ. "ನಾ ಕಂಬದ ಕಡಿ ಮುಖ ಮಾಡಿ ನಿಂದರ್ತೀನಿ. ಪ್ರಕೃತಿ ಹಿಂದ ನಿಂತು ತಾಶಾ ಬಾರಸ್ಲಿ. ಕೇಳಿದ ಕೂಡ್ಲೆ ಕೈ ಎತ್ತೀನಿ."

ಹೀಗೆ ಹೇಳುವಾಗ ಅವನ ಮನಸ್ಸಿನ ತಳದಲ್ಲಿ ಒಂದು ಆಸೆ ಇತ್ತು. ಎಲ್ಲ ಹೋಗಿರಲಿಕ್ಕಿಲ್ಲ, ಇಷ್ಟು ಹತ್ತಿರದಲ್ಲಿ, ಬೇರೆ ಸದ್ದಿಲ್ಲದ ಕಡೆ, ಎಲ್ಲೋ ಒಂದು ಎಳೆಯಾದರೂ ಕೇಳಿಸೀತು. ಕೇಳಿಸಿದರೆ ಆಗಲೇ ಕೈ ಎತ್ತಿ, ಇಷ್ಟಾದರೂ ಉಳಿದಿದೆ ನೋಡಿ ಅನ್ನಬಹುದು. ಕಂಬದ ಸಿಮೆಂಟಿನ ಮೇಲೆ ಯಾವುದೋ ಕ್ಲಾಸಿನ ಜಾಹೀರಾತು ಅರ್ಧ ಹರಿದಿತ್ತು. ಅದನ್ನೇ ನೋಡುತ್ತ ನಿಂತ. ಪ್ರಕೃತಿ ಇನ್ನೂ ತಾಶಾ ಕೊರಳಿಗೆ ಹಾಕಿಕೊಳ್ಳುತ್ತಿರಬೇಕು. ನಿಂತ. ಬೆಲ್ಟು ಬಿಗಿ ಮಾಡುತ್ತಿರಬೇಕು. ಇನ್ನೂ ನಿಂತ. ಬಾರಿಸಲು ಅವಳಿಗೆ ಮನಸ್ಸು ಬರುತ್ತಿಲ್ಲವೇನೋ ಎಂದುಕೊಂಡ. ಕೊನೆಗೆ ಬೇಸರ ಬಂತು.

"ಏ, ಶುರು ಮಾಡ್ರಲಾ!" ಎಂದು ತಿರುಗಿದ.

ಪ್ರಕೃತಿಯ ಕಡ್ಡಿಗಳು ಕಣ್ಣಿಗೆ ಹಿಡಿಯದಷ್ಟು ಜೋರಾಗಿ ಓಡುತ್ತಿದ್ದವು. ಅವಳೊಬ್ಬಳೇ ಅಲ್ಲ, ಪಥಕದ ತಾಶಾದವರೆಲ್ಲರೂ ಅವನ ಬೆನ್ನಿನ ಹತ್ತಿರ ಅರ್ಧ ಚಂದ್ರದ ಹಾಗೆ ನಿಂತು ಬಾರಿಸುತ್ತಿದ್ದರು. ಅವಳ ಕೆನ್ನೆ ಒದ್ದೆಯಾಗಿತ್ತು. ದಾದಾ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿದ್ದ. ಎಲ್ಲರೂ ಮಾಪಣ್ಣನನ್ನು ನೋಡುತ್ತಿದ್ದರು. ಅಷ್ಟು ಜನರ ನಡುವೆ ಅವನಷ್ಟು ಒಂಟಿ ಮನುಷ್ಯ ಆ ಹೊತ್ತಿಗೆ ಇನ್ನೊಬ್ಬನಿರಲಿಲ್ಲ. ಜಯೇಶ್ ಕೈ ಎತ್ತಿದ, ಕಡ್ಡಿಗಳು ನಿಂತವು. ಸದ್ದು ನಿಂತದ್ದು ಮಾಪಣ್ಣನಿಗೆ ತಿಳಿದದ್ದು ಕೈಗಳು ನಿಂತದ್ದರಿಂದ.

ಆಮೇಲೆ ಬಿರಡೆ ಎಸೆಯುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ದಾದಾ ತನ್ನ ಕೈಯಲ್ಲಿದ್ದ ಬಿರಡೆಯನ್ನು ಪೆಟ್ಟಿಗೆಗೆ ಹಾಕಿ, ಯಾರಿಗೂ ಮುಖ ಕೊಡದೆ ಕುಂಟುತ್ತ ಹೊರಟುಹೋದ. ಜಯೇಶ್ ಮಾಪಣ್ಣನ ಭುಜ ಹಿಡಿದು ಕಿವಿಯ ಹತ್ತಿರ ಬಾಗಿ, ಡಾಕ್ಟರ ಹತ್ತಿರ ತಾನೇ ಕರೆದೊಯ್ಯುತ್ತೇನೆ ಎಂದ. ಈ ಹಬ್ಬಕ್ಕೆ ಢೋಲು ಬೇಡ ಕಾಕಾ, ಧ್ವಜ ಹಿಡಿಯಿರಿ ಎಂದ. ಮಾಪಣ್ಣ ಆಗಲಿ ಎಂದು ತಲೆಯಾಡಿಸಿದ. ಧ್ವಜ ಹೊಟ್ಟೆಗೆ ಬಂದು ಮಾತಾಡುವುದಿಲ್ಲ ಎಂಬುದು ಜಯೇಶನಿಗೆ ಹೇಗೆ ಗೊತ್ತಾಗಬೇಕು?

ಮನೆಗೆ ಬಂದಾಗ ಬಾಲಮ್ಮ ಬೆಳ್ಳುಳ್ಳಿಯ ಗುಡ್ಡೆಯ ಮುಂದೆ ಕೂತಿದ್ದಳು. ಮಾಪಣ್ಣ ಎಂದಿನಂತೆ ಗೋಡೆಗೆ ಹೋಗಿ ಒರಗಲಿಲ್ಲ. ಅವಳ ಎದುರಿಗೆ, ಬಾಯಿ ಕಾಣುವ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತ.

"ನಾ ಸೊಕ್ಕಿಲೆ ಸುಮ್ಮನಿದ್ದಿಲ್ಲ. ನೀ ಮಾತಾಡಿದ್ದು ನಂಗ ಕೇಳಂಗಿಲ್ಲ" ಎಂದ. ಗುಂಯ್ ಎಂದದ್ದರಿಂದ ಹಿಡಿದು ಈಗ ಕಂಬದ ಮುಂದೆ ನಿಂತದ್ದರವರೆಗೆ ಎಲ್ಲ ಹೇಳಿದ.

ಕೇಳಿ ಮುಗಿದ ಮೇಲೆ ಬಾಲಮ್ಮನ ತುಟಿ ಅಂದದ್ದು ಒಂದೇ ಮಾತು: "ಸುಳ್ಳು." ಇಷ್ಟು ವರ್ಷ ಒಳಗೇ ಬೇಯಿಸಿಕೊಂಡ ಸಿಟ್ಟನ್ನು ಒಂದು ಗಳಿಗೆಯಲ್ಲಿ ಇಳಿಸಿಡಲು ಯಾರಿಂದಾಗುತ್ತದೆ? ಅವಳು ಕೈ ಕೊಡವಿಕೊಂಡು ಎದ್ದು, ತಿರುಗಿ ನಿಲ್ಲಿ ಎಂದು ಗೋಡೆಯ ಕಡೆ ಬೆರಳು ತೋರಿಸಿದಳು. ಪಥಕದವರು ನೋಡಿದ್ದು ಅವರಿಗಾಯಿತು, ತಾನೂ ಒಮ್ಮೆ ನೋಡಬೇಕು.

ಅವನು ಎದ್ದು ತಿರುಗಿ ನಿಂತ. ಆ ಗೋಡೆಯಲ್ಲಿ ಅವನು ದಾಡಿ ಮಾಡಿಕೊಳ್ಳುವ ಅಂಗೈಯಗಲದ ಕನ್ನಡಿ ಇತ್ತು. ಅವಳಿಗೆ ಅದರ ನೆನಪಾಗಲಿಲ್ಲ. ಅದರೊಳಗೆ ಬಾಲಮ್ಮನ ಮುಖ ಕಂಡಿತು. ಅವಳು ಏನೋ ಅಂದಳು. ಎರಡನೆಯ ಸಲ ಕೊರಳ ನರ ಉಬ್ಬುವ ಹಾಗೆ ಅಂದಳು. ಅವನಿಗೆ ಫ್ಯಾನು ತಿರುಗುವ ಗಾಳಿ ಮೈಗೆ ತಾಕುತ್ತಿತ್ತು, ಅಷ್ಟೆ.

ಆಮೇಲೆ ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು, ಯಾರಾದರೂ ಇದ್ದಾರೆಯೇ ಎಂದು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಜೇವರ್ಗಿ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪಿನ ಪದ ಹಾಕುವಾಗ ನಾಚುತ್ತ ಒಮ್ಮೆ ಹೇಳಿದರೆ ಮುಗಿಯಿತು. ರೇಶನ್ ಆಫೀಸಿನಲ್ಲಿ ಕೇಳಿದರೂ ಬಾಲಮ್ಮ ಪಕ್ಕದವರ ಕೈಲಿ ಹೇಳಿಸುತ್ತಿದ್ದವಳು. ಕನ್ನಡಿಯಲ್ಲಿ ಅವಳ ತುಟಿಗಳು ಕೂಡಿ ಅಗಲವಾಗಿ ತೆರೆದವು. ಮತ್ತೆ ಕೂಡಿದವು, ಮತ್ತೆ ತೆರೆದವು.

ಮಾಪಣ್ಣ.

ವರ್ಷಗಟ್ಟಲೆ ತುಟಿ ಓದಿದವನಿಗೆ ಇದನ್ನು ಓದುವುದು ಕಷ್ಟವಾಗಲಿಲ್ಲ. ಆ ಹೆಸರು ಅವಳ ಬಾಯಲ್ಲಿ ಹೇಗಿರುತ್ತದೆ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ. ಸಣ್ಣಗೆ ಕರೆದಳೋ, ಕೂಗಿದಳೋ, ಅಳುತ್ತ ಅಂದಳೋ. ತಿರುಗಿಬಿಡಲೇ, ಓ ಅನ್ನಲೇ ಎಂದು ಪ್ರಾಣ ಹೊಯ್ದಾಡಿತು. ತಿರುಗಿದರೆ ಅವಳು ಕೇಳಿಸಿತು ಎಂದು ತಿಳಿಯುತ್ತಾಳೆ, ಮತ್ತೆ ಮೊದಲಿನ ಸುಳ್ಳೇ ಆಗುತ್ತದೆ. ಕೇಳಿಸಿರಲಿಲ್ಲವಲ್ಲ.

ಬಾಲಮ್ಮ ಇನ್ನೊಮ್ಮೆ ಕರೆದಳು. ಮಾಪಣ್ಣ ಗೋಡೆಯ ಕಡೆ ಮುಖ ಮಾಡಿಕೊಂಡೇ ನಿಂತಿದ್ದ.